‘ಇಷ್ಟು ಅಂದ್ರೆ ಎಷ್ಟೇ ಕೂಸೆ?’: ಕಣ್ಣು ಕಾಣದವರಿಗೂ ದಕ್ಕುವಂತೆ ವಿಡಿಯೊ ಮಾಡುವ ಬಗೆ

ತೊಡದೇವು ಎಂಬ ಸಿಹಿತಿಂಡಿ ಮಾಡುವುದನ್ನು ನನಗೆ ಕಲಿಸಿದವರು ನಮ್ಮ ದೊಡ್ಡಮ್ಮ. ಶಿರಸಿ ಸೀಮೆಯ ನಮ್ಮೂರಲ್ಲಿ ಆಲೆಮನೆ ಶುರುವಾಯಿತೆಂದರೆ ಅವರ ಹಿತ್ತಲ ಒಲೆಯ ಮೇಲೆ ಗಡಿಗೆ ಬೋರಲಾಗಿ ಕೂರುತ್ತಿತ್ತು. ಕಬ್ಬಿನ ಹಾಲಿನಲ್ಲಿ ಅಕ್ಕಿ ಹಿಟ್ಟು ಕಲಸಿ, ಕಾದ ಗಡಿಗೆಯ ಬೆನ್ನಿಗೆ ಬಟ್ಟೆಯಲ್ಲಿ ಬಳಿದು, ಕಾಗದದಂಥ ಹಾಳೆ ಎಬ್ಬಿಸುತ್ತಿದ್ದರು. ಗ್ಲಾಕೋಮಾ ಬಂದು ಅವರ ನೋಟ ವರ್ಷದಿಂದ ವರ್ಷಕ್ಕೆ ಕಿರಿದಾಯಿತು. ಈಗ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎನ್ನುವಷ್ಟು ಬೆಳಕು ತಿಳಿಯುತ್ತದೆ, ಅಷ್ಟೆ.

ನಾನು ಮಲೆನಾಡಿನ ಅಡುಗೆಯ ಯೂಟ್ಯೂಬ್ ಚಾನೆಲ್ ನಡೆಸುತ್ತೇನೆ. ಅವರಿಂದ ಕಲಿತ ತೊಡದೇವನ್ನೇ ಒಂದು ವಿಡಿಯೊ ಮಾಡಿದೆ. ಮಾತಿಲ್ಲ. ಹಿನ್ನೆಲೆಯಲ್ಲಿ ಕೊಳಲು, ಪರದೆಯ ಮೇಲೆ ಅಕ್ಷರದಲ್ಲಿ ಅಳತೆ, ಹತ್ತಿರದಿಂದ ಹಿಡಿದ ಹೊಗೆ, ಬೆಂಕಿ, ಕೈ. ಎಡಿಟ್ ಮಾಡಲು ನಾಲ್ಕು ದಿನ ಹಿಡಿದಿತ್ತು. ಮೊದಲು ಕಳಿಸಿದ್ದೇ ದೊಡ್ಡಮ್ಮನ ಮನೆಗೆ. ಅಣ್ಣ ಅವರ ಪಕ್ಕ ಮೊಬೈಲ್ ಇಟ್ಟು ಹಚ್ಚಿದನಂತೆ. ಹನ್ನೊಂದು ನಿಮಿಷ ಪೂರ್ತಿ ಕೇಳಿ, ಸಂಜೆ ನನಗೆ ಫೋನ್ ಮಾಡಿಸಿದರು. ‘ಕೊಳಲು ಚೊಲೋ ಇದ್ದು. ತೊಡದೇವು ಎಲ್ಲಿದ್ದು?’ ಎಂದರು.

ನಾಚಿಕೆಯಾಯಿತು. ಮುಂದಿನ ವಾರವೇ ಮಾತು ಸೇರಿಸಿ ಮತ್ತೆ ಚಿತ್ರೀಕರಿಸಿದೆ. ಈ ಸಲ ಪಕ್ಕದಲ್ಲೇ ಕೂತು ಕೇಳಿಸಿದೆ. ‘ಇಷ್ಟು ಹಿಟ್ಟು ತಗೊಂಡು ಹೀಗೆ ಎಳೀರಿ’ ಎಂದು ನನ್ನ ದನಿ ಬಂದ ಕೂಡಲೇ ಅವರು ಕೈ ಎತ್ತಿ ನಿಲ್ಲಿಸಿದರು. ‘ಇಷ್ಟು ಅಂದ್ರೆ ಎಷ್ಟೇ ಕೂಸೆ?’

ಆ ಒಂದು ಪ್ರಶ್ನೆಯಿಂದ ನಾನು ವಿಡಿಯೊ ಮಾಡುವ ರೀತಿಯೇ ಬದಲಾಯಿತು. ಅಂದಿನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಹೊಲಿಗೆ ಕಲಿಸುವವರಿರಬಹುದು, ಗಣಿತದ ಮೇಷ್ಟ್ರಿರಬಹುದು, ತೋಟದ ಕೆಲಸ ತೋರಿಸುವವರಿರಬಹುದು. ಇದರಲ್ಲಿ ಬಹುಪಾಲು ನಿಮಗೂ ಹೊಂದುತ್ತದೆ.

ಮೊಬೈಲ್ ಬೋರಲು ಹಾಕಿ

ನಿಮ್ಮದೇ ಹಳೆಯ ವಿಡಿಯೊ ಒಂದನ್ನು ಹಚ್ಚಿ, ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ. ಪೂರ್ತಿ ಕೇಳಿ. ಕೈಯಲ್ಲಿ ಪೆನ್ನು, ಕಾಗದ ಇರಲಿ. ಕೇಳುತ್ತಾ ಕೇಳುತ್ತಾ ‘ಇಲ್ಲಿ ಏನಾಗ್ತಿದೆ?’ ಎಂದು ಅನಿಸಿದಲ್ಲೆಲ್ಲ ಒಂದು ಗೀಟು ಹಾಕಿ. ನಿಮಗೆ ಆ ವಿಡಿಯೊ ಬಾಯಿಪಾಠವಾಗಿರುತ್ತದೆ, ಮನಸ್ಸು ತಾನಾಗಿಯೇ ಚಿತ್ರ ತುಂಬಿಕೊಳ್ಳುತ್ತದೆ. ಹಾಗಾಗಿ ಅದನ್ನು ನೋಡಿರದ ಒಬ್ಬರನ್ನು ಜೊತೆಗೆ ಕೂರಿಸಿಕೊಂಡರೆ ಇನ್ನೂ ಒಳ್ಳೆಯದು. ನಮ್ಮನೆಯಲ್ಲಿ ಈ ಕೆಲಸ ಆಯಿಯದು. ಎರಡನೇ ಸಲ ಮಾಡಿದ ತೊಡದೇವು ವಿಡಿಯೊಗೆ ಅವರು ಹಾಕಿದ್ದು 34 ಗೀಟು.

ಆ 34ರಲ್ಲಿ ಮುಕ್ಕಾಲು ಪಾಲು ಬಿದ್ದದ್ದು ಐದಾರು ಪದಗಳ ಮೇಲೆ. ಇದು, ಇಲ್ಲಿ, ಇಷ್ಟು, ಹೀಗೆ, ಇಂಥದ್ದು, ಈ ಕಡೆ. ಬೆರಳು ತೋರಿಸುವ ಪದಗಳು ಇವು. ಕಣ್ಣಿದ್ದವರಿಗೆ ಆ ಬೆರಳು ಕಾಣುತ್ತದೆ, ಇಲ್ಲದವರಿಗೆ ಪದ ಮಾತ್ರ ಸಿಗುತ್ತದೆ, ಒಳಗೇನೂ ಇರುವುದಿಲ್ಲ. ಆದ್ದರಿಂದ ನಾನು ಹಾಕಿಕೊಂಡ ಮೊದಲ ನಿಯಮ: ‘ಇದು’ ಬಾಯಿಗೆ ಬಂದಾಗ ಅದರ ಹಿಂದೆಯೇ ಹೆಸರು ಬರಬೇಕು, ‘ಇಷ್ಟು’ ಬಂದರೆ ಅಳತೆ ಬರಬೇಕು, ‘ಹೀಗೆ’ ಬಂದರೆ ಕೈ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ಬರಬೇಕು.

ಎರಡನೇ ವಿಡಿಯೊದಲ್ಲಿ ನಾನು ಹೇಳಿದ್ದು: ‘ಈಗ ಇದನ್ನ ಇಷ್ಟು ಅದ್ದಿ, ಹೀಗೆ ಎಳೀಬೇಕು. ಇಲ್ಲಿ ಬಿಟ್ಕೊಳ್ತಾ ಬಂತು ನೋಡಿ. ಈಗ ಹೀಗೆ ಮಡಚಿ ತೆಗೆದ್ರಾಯ್ತು.’

ಮೂರನೇ ಸಲ ಹೇಳಿದ್ದು: ‘ಕೋಲಿನ ತುದಿಗೆ ಗೇಣುದ್ದದ ಹತ್ತಿ ಬಟ್ಟೆ ಕಟ್ಟಿಕೊಂಡಿದ್ದೇನೆ. ಬಟ್ಟೆಯನ್ನು ಹಿಟ್ಟಿನಲ್ಲಿ ಪೂರ್ತಿ ಮುಳುಗಿಸಿ, ಪಾತ್ರೆಯ ಅಂಚಿಗೆ ಒಮ್ಮೆ ಒತ್ತಿ, ಹೆಚ್ಚಾದ ಹಿಟ್ಟು ಇಳಿಸಿದೆ. ಹಿಟ್ಟು ಮಜ್ಜಿಗೆಗಿಂತ ಸ್ವಲ್ಪ ಮಂದ, ದೋಸೆ ಹಿಟ್ಟಿಗಿಂತ ಬಹಳ ತೆಳು. ಗಡಿಗೆಯ ಎಡಮಗ್ಗುಲಿಂದ ಶುರು ಮಾಡಿ, ನೆತ್ತಿ ದಾಟಿ, ಬಲಮಗ್ಗುಲಿಗೆ ಒಂದೇ ಎಳೆತ. ನಡುವೆ ಕೈ ನಿಲ್ಲಿಸಬಾರದು. ಸದ್ದು ಕೇಳಿ. ಸದ್ದು ಆರಿತು ಅಂದರೆ ಹಿಟ್ಟು ಒಣಗಿತು. ಈಗ ತುಪ್ಪದ ಬಟ್ಟೆಯಿಂದ ಒಮ್ಮೆ ಸವರುತ್ತೇನೆ. ಅಂಚು ತಾನಾಗಿ ಗಡಿಗೆ ಬಿಟ್ಟು ಏಳುತ್ತಿದೆ. ಎಡದಿಂದ ಒಳಕ್ಕೆ ಮಡಚಿ, ಬಲದಿಂದ ಅದರ ಮೇಲೆ ಮಡಚಿ, ಕೆಳಗಿನ ತುದಿ ಮೇಲಕ್ಕೆ ತಂದು ತೆಗೆದೆ. ಗಡಿಗೆಯ ಮೇಲಿದ್ದಾಗ ಒದ್ದೆ ಬಟ್ಟೆಯಷ್ಟು ಮೆತ್ತಗೆ. ತೆಗೆದು ಹತ್ತೆಣಿಸುವಷ್ಟರಲ್ಲಿ ಗರಿಗರಿ.’

ಒಂಬತ್ತು ಸೆಕೆಂಡಿನ ಮಾತು ಮುಕ್ಕಾಲು ನಿಮಿಷವಾಯಿತು. ಆಗಲಿ. ಕೆಲಸವೂ ಅಷ್ಟೇ ಹೊತ್ತು ಹಿಡಿಯುತ್ತದೆ, ಮಾತು ಕೈಯ ಜೊತೆಗೇ ಸಾಗುತ್ತದೆ. ಕಣ್ಣಿದ್ದವರೂ ಒಲೆಯ ಮುಂದೆ ನಿಂತಾಗ ಮೊಬೈಲ್ ನೋಡುವುದಿಲ್ಲ, ಕೈಗೆ ಹಿಟ್ಟು ಮೆತ್ತಿರುತ್ತದೆ, ಕಿವಿಯನ್ನಷ್ಟೇ ಕೊಟ್ಟಿರುತ್ತಾರೆ. ಈ ಮೂರನೇ ವಿಡಿಯೊದ ಕೆಳಗೆ ‘ಮೊದಲ ಸಲ ಹರಿಯದೆ ಎದ್ದು ಬಂತು’ ಎಂದು ಬರೆದವರಲ್ಲಿ ಹೆಚ್ಚಿನವರು ಕಣ್ಣು ಚೆನ್ನಾಗಿ ಕಾಣುವವರೇ.

ಅಳತೆಯ ವಿಷಯದಲ್ಲಿ ಕನ್ನಡ ನಮಗೆ ತುಂಬಿ ಕೊಟ್ಟಿದೆ. ಗೇಣು, ಮೊಳ, ಬೆರಳಗಲ, ಬೊಗಸೆ, ಹಿಡಿ, ಚಿಟಿಕೆ, ಸಾಸಿವೆ ಕಾಳಿನಷ್ಟು, ಅಡಿಕೆ ಗಾತ್ರ, ನಿಂಬೆಹಣ್ಣಿನ ಗಾತ್ರ. ಎಲ್ಲವೂ ಕೈಗೆ ಗೊತ್ತಿರುವ ಅಳತೆಗಳು, ಕಣ್ಣು ಬೇಕಾಗಿಲ್ಲ. ‘ಸ್ವಲ್ಪ ಹುಣಸೆಹಣ್ಣು’ ಎನ್ನುವ ಬದಲು ‘ಅಡಿಕೆ ಗಾತ್ರದ ಹುಣಸೆಹಣ್ಣು’ ಎಂದರೆ ಮುಗಿಯಿತು.

ಬಣ್ಣದ ಬಗ್ಗೆಯೂ ಒಂದು ಮಾತು. ಬಣ್ಣ ಹೇಳಲೇಬೇಡಿ ಎಂದು ನಾನು ಹೇಳುವುದಿಲ್ಲ. ದೊಡ್ಡಮ್ಮನಿಗೆ ಅರವತ್ತು ವರ್ಷದ ಬಣ್ಣ ನೆನಪಿದೆ, ಹೇಳಿದರೆ ಖುಷಿಪಡುತ್ತಾರೆ. ಆದರೆ ಬಣ್ಣವೊಂದನ್ನೇ ಗುರುತಾಗಿ ಕೊಡಬೇಡಿ. ‘ಕೆಂಪಗಾಗುವವರೆಗೆ ಹುರಿಯಿರಿ’ ಎಂಬಲ್ಲಿಗೆ ನಿಂತರೆ ಅವರು ಅಲ್ಲೇ ಉಳಿಯುತ್ತಾರೆ. ‘ಕೆಂಪಗಾಗಿ, ಹಸಿ ವಾಸನೆ ಹೋಗಿ ಘಮ ಬರುವವರೆಗೆ, ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ’ ಎಂದರೆ ಮೂಗಿಗೂ ಗಡಿಯಾರಕ್ಕೂ ಕೆಲಸ ಸಿಕ್ಕಿತು.

ತಾಳಮದ್ದಳೆಯ ದಾರಿ

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸಲು ನಾನು ಯಕ್ಷಗಾನದ ಉದಾಹರಣೆ ಕೊಡುತ್ತೇನೆ. ಬಯಲಾಟದಲ್ಲಿ ವೇಷವಿದೆ, ಕುಣಿತವಿದೆ, ಕಿರೀಟವಿದೆ. ತಾಳಮದ್ದಳೆಯಲ್ಲಿ ಅವು ಯಾವುವೂ ಇಲ್ಲ. ಭಾಗವತರ ಪದ, ಚಂಡೆ ಮದ್ದಳೆ, ಎದುರುಬದುರು ಪಂಚೆ ಶಲ್ಯದಲ್ಲಿ ಕೂತ ಅರ್ಥಧಾರಿಗಳು. ಆದರೂ ಕೃಷ್ಣ ಸಂಧಾನಕ್ಕೆ ಬಂದಾಗ ಸಭೆ ಕಾಣುತ್ತದೆ, ದುರ್ಯೋಧನ ಏಳದೆ ಕೂತದ್ದು ಕಾಣುತ್ತದೆ. ಎಲ್ಲವನ್ನೂ ಮಾತೇ ತಂದು ನಿಲ್ಲಿಸುತ್ತದೆ. ದೊಡ್ಡಮ್ಮ ಬಯಲಾಟಕ್ಕೆ ಹೋಗುವುದನ್ನು ಬಿಟ್ಟು ಆರೇಳು ವರ್ಷವಾಯಿತು, ತಾಳಮದ್ದಳೆಯನ್ನು ಮಾತ್ರ ಇವತ್ತಿಗೂ ತಪ್ಪಿಸುವುದಿಲ್ಲ. ನಿಮ್ಮ ವಿಡಿಯೊ ಬಯಲಾಟವೇ ಆಗಿರಲಿ. ಅದರೊಳಗೆ ಒಂದು ತಾಳಮದ್ದಳೆಯೂ ಇರಲಿ.

ಹೊಸದಾಗಿ ವಿಡಿಯೊ ಮಾಡುವವರಿಗೆ ಇದು ಸುಲಭ, ಮಾಡುತ್ತಲೇ ಹೇಳಿದರಾಯಿತು. ಈಗಾಗಲೇ ಮಾಡಿಟ್ಟ ವಿಡಿಯೊಗೆ ಏನು ಮಾಡುವುದು? ಅದಕ್ಕೆ ಆಡಿಯೊ ಡಿಸ್ಕ್ರಿಪ್ಷನ್ ಎಂಬ ಪದ್ಧತಿ ಇದೆ. ಕನ್ನಡದಲ್ಲಿ ಧ್ವನಿ ವಿವರಣೆ ಎನ್ನೋಣ. ಮಾತಿಲ್ಲದ ಬಿಡುವುಗಳಲ್ಲಿ ಇನ್ನೊಂದು ದನಿ ಬಂದು, ಪರದೆಯ ಮೇಲೆ ಆಗುತ್ತಿರುವುದನ್ನು ಚುಟುಕಾಗಿ ಹೇಳಿ ಹೋಗುತ್ತದೆ.

ಬರೆಯುವಾಗ ಬಿಡುವು ಎಷ್ಟು ಸೆಕೆಂಡಿದೆ ಎಂದು ಮೊದಲು ಅಳೆಯಿರಿ. ನನ್ನ ಮಾತಿನ ವೇಗದಲ್ಲಿ ಹತ್ತು ಸೆಕೆಂಡಿಗೆ ಹದಿನೆಂಟು ಪದ ಹಿಡಿಯುತ್ತವೆ. ನಿಮ್ಮದನ್ನು ಒಮ್ಮೆ ಗಡಿಯಾರ ಇಟ್ಟು ಎಣಿಸಿಕೊಳ್ಳಿ. ಆಮೇಲೆ ಆರಿಸಿ. ಕಂಡದ್ದೆಲ್ಲ ಹೇಳಲು ಜಾಗ ಸಾಲದು. ಏನು ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲವೋ ಅದಕ್ಕೆ ಮೊದಲ ಜಾಗ. ಗೋಡೆಯ ಬಣ್ಣಕ್ಕೆ ಕೊನೆಯ ಜಾಗ. ಕ್ರಿಯಾಪದ ಈಗ ನಡೆಯುತ್ತಿರುವಂತೆ ಇರಲಿ: ‘ಗಡಿಗೆಯನ್ನು ಒಲೆಯ ಮೇಲೆ ಬೋರಲಿಡುತ್ತಾಳೆ. ಬಾಯಿಯ ಒಂದು ಕಡೆ ಸಂದು ಬಿಟ್ಟು ಸೌದೆ ತುರುಕುತ್ತಾಳೆ.’ ನಿಮ್ಮ ತೀರ್ಮಾನವನ್ನು ಅದರೊಳಗೆ ಬೆರೆಸಬೇಡಿ. ‘ಆಕೆಗೆ ಬೇಸರವಾಗಿದೆ’ ಎನ್ನುವುದು ನಿಮ್ಮ ಊಹೆ. ‘ಆಕೆ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ’ ಎನ್ನುವುದು ಕಂಡದ್ದು. ಬೇಸರವೋ ಹೊಗೆಯೋ ಎಂದು ಕೇಳುವವರು ತಾವೇ ತಿಳಿದುಕೊಳ್ಳಲಿ, ಆ ಹಕ್ಕು ಅವರದು.

ಬಿಡುವೇ ಇಲ್ಲದಷ್ಟು ಮಾತು ತುಂಬಿದ ವಿಡಿಯೊ ಆದರೆ, ಚಿತ್ರವನ್ನು ಕೆಲ ಸೆಕೆಂಡು ಹಾಗೇ ನಿಲ್ಲಿಸಿ ವಿವರಣೆ ಸೇರಿಸಬಹುದು. ಗಣಿತ, ವಿಜ್ಞಾನದ ಪಾಠಗಳಿಗೆ ಇದೇ ಸರಿಯಾದ ದಾರಿ ಎಂದು ನನ್ನ ಅನಿಸಿಕೆ. ಬೋರ್ಡಿನ ಮೇಲಿನ ತ್ರಿಭುಜವನ್ನು ಅವಸರದಲ್ಲಿ ಹೇಳಿ ಪ್ರಯೋಜನವಿಲ್ಲ.

ಹೀಗೆ ತಯಾರಾದ ಎರಡನೇ ಪ್ರತಿಯನ್ನು ನಾನು ಬೇರೆ ವಿಡಿಯೊ ಆಗಿಯೇ ಹಾಕುತ್ತೇನೆ. ಶೀರ್ಷಿಕೆಯ ಕೊನೆಗೆ ‘ಧ್ವನಿ ವಿವರಣೆ ಸಹಿತ’ ಎಂದು ಸೇರಿಸಿ, ಮೂಲ ವಿಡಿಯೊದ ವಿವರದ ಮೊದಲ ಸಾಲಿನಲ್ಲೇ ಅದರ ಕೊಂಡಿ ಕೊಡುತ್ತೇನೆ. ಬೇರೆಯವರ ಯೂಟ್ಯೂಬ್ ವಿಡಿಯೊಗೆ ವಿವರಣೆ ಕೊಡಬೇಕೆಂದರೆ ಯೂಡಿಸ್ಕ್ರೈಬ್ ಎಂಬ ಉಚಿತ ತಾಣವಿದೆ. ಸ್ಯಾನ್ ಫ್ರಾನ್ಸಿಸ್ಕೊದ ಸ್ಮಿತ್ ಕೆಟಲ್‌ವೆಲ್ ಕಣ್ಣಿನ ಸಂಶೋಧನಾ ಸಂಸ್ಥೆಯಲ್ಲಿ, ಸ್ವತಃ ಕಣ್ಣು ಕಾಣದ ವಿಜ್ಞಾನಿ ಜೋಶುವಾ ಮೀಲಿ ಶುರು ಮಾಡಿದ್ದು. ಯಾರು ಬೇಕಾದರೂ ಸ್ವಯಂಸೇವಕರಾಗಿ ಅಲ್ಲಿ ದನಿ ಸೇರಿಸಬಹುದು, ಮೂಲ ವಿಡಿಯೊ ಬದಲಾಗುವುದಿಲ್ಲ.

ಸದ್ದನ್ನು ಕೊಲ್ಲಬೇಡಿ

ವಿವರಿಸುವ ಉತ್ಸಾಹದಲ್ಲಿ ನಾನು ಮಾಡಿದ ತಪ್ಪು ಇದು. ಒಗ್ಗರಣೆಗೆ ಸಾಸಿವೆ ಹಾಕಿದ ಮೇಲೂ ಮಾತಾಡುತ್ತಲೇ ಇದ್ದೆ, ‘ಸಾಸಿವೆ ಸಿಡಿಯುತ್ತಿದೆ’ ಎಂದೂ ಹೇಳಿದೆ. ಹುಬ್ಬಳ್ಳಿಯ ಒಬ್ಬ ಬ್ಯಾಂಕ್ ನೌಕರರು, ಹುಟ್ಟಿನಿಂದಲೇ ಕಣ್ಣು ಕಾಣದವರು, ನನ್ನ ವಿಡಿಯೊ ಕೇಳಿ ಬರೆದರು: ‘ಮೇಡಂ, ಸಾಸಿವೆ ಸಿಡಿಯೋದು ನಮಗೆ ಕೇಳ್ಸುತ್ರೀ. ಅದನ್ನ ಬಿಡ್ರಿ. ಬಾಣಲೆ ಕಬ್ಬಿಣದ್ದೋ ಸ್ಟೀಲೋ ಅದು ಹೇಳ್ರಿ.’ ಆಮೇಲಿನಿಂದ ಒಗ್ಗರಣೆಯ ಹೊತ್ತಿನಲ್ಲಿ ಬಾಯಿ ಮುಚ್ಚುತ್ತೇನೆ. ಸಾಸಿವೆಯ ಚಟಪಟ, ಕರಿಬೇವಿನ ಚರ್ ಎಂಬ ಸದ್ದು, ಅವು ನಿಂತ ಕ್ಷಣ, ಎಲ್ಲವೂ ಮಾಹಿತಿಯೇ. ಮೈಕನ್ನು ಒಲೆಯ ಹತ್ತಿರ ತಂದು ಅದನ್ನೂ ಚೆನ್ನಾಗಿ ಹಿಡಿಯುತ್ತೇನೆ.

ಅವರೇ ಹೇಳಿದ ಇನ್ನೊಂದು ವಿಷಯ: ‘ನೋಡಿ’ ಎನ್ನಲು ಹಿಂಜರಿಯಬೇಡಿ. ಕಣ್ಣು ಕಾಣದವರೂ ಟಿವಿ ‘ನೋಡುತ್ತಾರೆ’, ರುಚಿ ‘ನೋಡುತ್ತಾರೆ’. ಪದದಿಂದ ಯಾರಿಗೂ ನೋವಾಗುವುದಿಲ್ಲ. ಅಯ್ಯೋ ಪಾಪ ಎಂಬ ದನಿ ಬಂದರೆ ನೋವಾಗುತ್ತದೆ.

ಹಿನ್ನೆಲೆ ಸಂಗೀತದ ಬಗ್ಗೆ ನಾನು ಕಟ್ಟುನಿಟ್ಟು. ಮಾತಿನ ಹಿಂದೆ ಸಂಗೀತ ಬೇಕೇ ಬೇಕೆಂದರೆ ಅದು ಮಾತಿಗಿಂತ ಕನಿಷ್ಠ 20 ಡೆಸಿಬಲ್ ಕೆಳಗಿರಲಿ. ವೆಬ್‌ಗಾಗಿ ರೂಪಿಸಿದ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲೂ ಇರುವ ಸಂಖ್ಯೆ ಇದೇ. ಲ್ಯಾಪ್‌ಟಾಪಿನಲ್ಲಿ ನಾನು ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಬಳಸುತ್ತೇನೆ. ಸಂಗೀತದ ಟ್ರ್ಯಾಕ್ ಮೇಲೆ, ದನಿಯ ಟ್ರ್ಯಾಕ್ ಅದರ ಕೆಳಗೆ ಇಟ್ಟು, ಸಂಗೀತವನ್ನು ಆರಿಸಿ ‘ಆಟೊ ಡಕ್’ ಒತ್ತಿದರೆ ಮಾತು ಬಂದಲ್ಲೆಲ್ಲ ಸಂಗೀತ ತಾನಾಗಿ ತಗ್ಗುತ್ತದೆ. ಎಷ್ಟು ತಗ್ಗಬೇಕು ಎಂಬ ಜಾಗದಲ್ಲಿ -20 ತುಂಬಿ. ದನಿ ಹಿಡಿಯಲು ಸ್ಟುಡಿಯೊ ಬೇಡ, ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರ ಮುಂದೆ ಕೂತು ಮಾತಾಡಿದರೆ ಗೋಡೆಯ ಮೊಳಗು ಬರುವುದಿಲ್ಲ.

ಒಬ್ಬರಿಗಿಂತ ಹೆಚ್ಚು ಜನ ಮಾತಾಡುವ ವಿಡಿಯೊದಲ್ಲಿ ಪ್ರತಿಯೊಬ್ಬರೂ ಮೊದಲ ಮಾತಿನಲ್ಲೇ ಹೆಸರು ಹೇಳಲಿ. ಪರದೆಯ ಕೆಳಗೆ ಹೆಸರಿನ ಪಟ್ಟಿ ಹಾಕಿದರೆ ಸಾಲದು. ಜಾಗ ಬದಲಾದರೆ ‘ಈಗ ಹಿತ್ತಲಿಗೆ ಬಂದೆವು’ ಎಂದು ಒಂದು ಮಾತು ಸಾಕು.

ಪರದೆಯ ಮೇಲಿನ ಅಕ್ಷರ

ದೊಡ್ಡಮ್ಮನಿಗೆ ಕಣ್ಣಿನ ಹನಿ ಬರೆದುಕೊಟ್ಟ ಹೊಸತರಲ್ಲಿ, ಒಂದು ಆಸ್ಪತ್ರೆಯವರು ಹನಿ ಹಾಕಿಕೊಳ್ಳುವ ವಿಧಾನದ ವಿಡಿಯೊ ಕಳಿಸಿದ್ದರು. ಗ್ಲಾಕೋಮಾ ಇದ್ದವರಿಗೆಂದೇ ಮಾಡಿದ್ದು. ಹಿನ್ನೆಲೆಯಲ್ಲಿ ಪಿಯಾನೊ, ಪರದೆಯ ಮೇಲೆ ಗೊಂಬೆಯ ಚಿತ್ರ, ಕೆಳಗೆ ಸಣ್ಣ ಅಕ್ಷರ. ಒಂದು ಮಾತೂ ಇಲ್ಲ. ಕೊನೆಗೆ ಒಂದು ಫೋನ್ ಸಂಖ್ಯೆ ಮೂಡಿ ಮರೆಯಾಗುತ್ತದೆ. ನೋಟ ಕಳೆದುಕೊಳ್ಳುತ್ತಿರುವವರಿಗೆ ಮಾಡಿದ ವಿಡಿಯೊ, ನೋಟ ಇದ್ದವರಿಗೆ ಮಾತ್ರ ತಿಳಿಯುವಂತಿತ್ತು. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆ ನಾಲ್ಕು ಚಿತ್ರಕ್ಕೆ ನಾಲ್ಕು ವಾಕ್ಯ ಸಾಕಿತ್ತು: ಕೈ ತೊಳೆದು ತಲೆ ಹಿಂದಕ್ಕೆ ವಾಲಿಸಿ. ಬೆರಳಿನಿಂದ ಕೆಳರೆಪ್ಪೆಯನ್ನು ಕೆಳಗೆಳೆದು ಆ ಬಟ್ಟಲಿನಂಥ ಜಾಗಕ್ಕೆ ಒಂದು ಹನಿ ಬಿಡಿ, ಬಾಟಲಿಯ ತುದಿ ಕಣ್ಣಿಗೆ ತಾಗದಿರಲಿ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಇನ್ನೊಂದು ಔಷಧಿ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ.

ಮೊಬೈಲ್ ಓದಿ ಹೇಳುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಟಾಕ್‌ಬ್ಯಾಕ್, ವಾಯ್ಸ್‌ಓವರ್, ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಪರದೆ ಓದಿ ಹೇಳುವ ಈ ತಂತ್ರಾಂಶಗಳೆಲ್ಲ ಪರದೆಯಲ್ಲಿ ಅಕ್ಷರವಾಗಿಯೇ ಬಂದದ್ದನ್ನು ಓದುತ್ತವೆ. ವಿಡಿಯೊದೊಳಗೆ ಅಚ್ಚಾದ ಅಕ್ಷರ ಅವುಗಳ ಪಾಲಿಗೆ ಬರೀ ಚಿತ್ರ. ಆದ್ದರಿಂದ ಅಳತೆ, ವಿಳಾಸ, ಫೋನ್ ಸಂಖ್ಯೆ ಯಾವುದನ್ನೇ ತೋರಿಸಿದರೂ ಬಾಯಲ್ಲಿ ಹೇಳಿ, ವಿವರದ ಜಾಗದಲ್ಲೂ ಬರೆಯಿರಿ. ‘ಕೆಳಗಿನ ನಂಬರಿಗೆ ಕರೆ ಮಾಡಿ’ ಎಂದರೆ ಅದು ಯಾವ ನಂಬರು?

ಆ ವಿವರದ ಜಾಗವನ್ನು ನಾವು ಬಹಳ ಜನ ಹ್ಯಾಷ್‌ಟ್ಯಾಗ್ ತುಂಬಿ ಹಾಳು ಮಾಡುತ್ತೇವೆ. ನಾನೀಗ ಪೂರ್ತಿ ಪಾಕವಿಧಾನ ಅಲ್ಲಿ ಬರೆಯುತ್ತೇನೆ, ಮೊದಲು ಸಾಮಾನು, ಆಮೇಲೆ ಮಾಡುವ ಕ್ರಮ. ಅದರ ಕೆಳಗೆ ಅಧ್ಯಾಯಗಳು, ಅಂದರೆ ಯಾವ ಭಾಗ ಎಷ್ಟು ಹೊತ್ತಿಗೆ ಶುರುವಾಗುತ್ತದೆ ಎಂಬ ಪಟ್ಟಿ. ಯೂಟ್ಯೂಬಿನಲ್ಲಿ ಮೊದಲ ಸಮಯ 0:00 ಇರಬೇಕು, ಒಟ್ಟು ಮೂರಾದರೂ ಇರಬೇಕು, ಒಂದೊಂದೂ ಹತ್ತು ಸೆಕೆಂಡಿಗೆ ಕಡಿಮೆ ಇರಬಾರದು. ಪರದೆ ಕಾಣದವರಿಗೆ ಗೆರೆ ಎಳೆದು ಮುಂದೆ ಹೋಗುವುದು ಕಷ್ಟ. ‘4:10 ಗಡಿಗೆ ಹದ ಮಾಡುವುದು’ ಎಂಬ ಸಾಲು ಒತ್ತಿದರೆ ನೇರ ಅಲ್ಲಿಗೇ ಹೋಗುತ್ತಾರೆ.

ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ ಎಂದು ಕೈಮುಗಿದು ಕೇಳುತ್ತೇನೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಮೊಬೈಲಿನ ಇಂಗ್ಲಿಷ್ ದನಿ ಅದನ್ನು ಇಂಗ್ಲಿಷ್ ಪದವೆಂದೇ ಓದುತ್ತದೆ. ನನ್ನ ‘ತೊಡದೇವು’ ದೊಡ್ಡಮ್ಮನ ಮೊಬೈಲಿನಲ್ಲಿ ಯಾವುದೋ ಪರದೇಶದ ಊರಿನ ಹೆಸರಿನಂತೆ ಕೇಳಿಸಿತು. ಕನ್ನಡ ಲಿಪಿಯಲ್ಲಿದ್ದರೆ ಕನ್ನಡದ ದನಿ ಸರಿಯಾಗಿ ಓದುತ್ತದೆ. ಎಮೋಜಿಗಳನ್ನೂ ಸಾಲಾಗಿ ಹಾಕಬೇಡಿ. ಐದು ಬೆಂಕಿಯ ಚಿತ್ರ ಹಾಕಿದರೆ ‘ಬೆಂಕಿ’ ಎಂದು ಐದು ಸಲ ಕೇಳಿದ ಮೇಲೇ ಅವರಿಗೆ ಶೀರ್ಷಿಕೆ ಸಿಗುವುದು. ವಾಟ್ಸ್‌ಆ್ಯಪ್ ಗುಂಪಿಗೆ ವಿಡಿಯೊ ಕಳಿಸುವಾಗ ಅದು ಏನೆಂದು ಒಂದು ಸಾಲು ಬರೆಯುವುದೂ ಇದೇ ಕೆಲಸದ ಭಾಗ.

ಸ್ವಲ್ಪ ಕಾಣುವವರಿಗೆ

ಕಣ್ಣು ಪೂರ್ತಿ ಹೋದವರಿಗಿಂತ, ಸ್ವಲ್ಪ ಕಾಣುವವರ ಸಂಖ್ಯೆಯೇ ಹೆಚ್ಚು. ಅವರು ಕಿವಿ, ಕಣ್ಣು ಎರಡನ್ನೂ ಬಳಸುತ್ತಾರೆ. ಹಿನ್ನೆಲೆಗೂ ಅಕ್ಷರಕ್ಕೂ ಇರುವ ಕಪ್ಪು-ಬಿಳುಪಿನ ಅಂತರ ಅವರಿಗೆ ಎಲ್ಲಕ್ಕಿಂತ ಮುಖ್ಯ. ನಾನಾಗಲೇ ಹೇಳಿದ ಮಾನದಂಡದ ಪ್ರಕಾರ ಸಾಮಾನ್ಯ ಅಕ್ಷರಕ್ಕೆ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಅನುಪಾತ ಬೇಕು. ಬಣ್ಣ ಎರಡನ್ನು ಕೊಟ್ಟರೆ ಅನುಪಾತ ಹೇಳುವ ಉಚಿತ ತಾಣಗಳಿವೆ. ಸುಲಭದ ದಾರಿ ಎಂದರೆ ಅಕ್ಷರದ ಹಿಂದೆ ಗಟ್ಟಿ ಕಪ್ಪು ಪಟ್ಟಿ ಹಾಕಿ, ಮೇಲೆ ಬಿಳಿ ಇಲ್ಲವೇ ಹಳದಿ ಅಕ್ಷರ ಬರೆಯುವುದು. ಅಡುಗೆಮನೆಯ ಬಿಳಿ ಟೈಲ್ಸ್ ಮೇಲೆ ನೇರ ಬರೆದ ಬಿಳಿ ಅಕ್ಷರ ನನಗೇ ಕಾಣುವುದಿಲ್ಲ.

ಕನ್ನಡಕ್ಕೆ ಇನ್ನೊಂದು ತೊಂದರೆ ಇದೆ, ಅದು ಒತ್ತಕ್ಷರ. ಅಕ್ಕಿ, ಬೆಲ್ಲ, ತುಪ್ಪ, ಎಣ್ಣೆ, ಉಪ್ಪು, ನಮ್ಮ ಅಡುಗೆಮನೆ ತುಂಬ ಒತ್ತುಗಳೇ. ಅಕ್ಷರದ ಗಾತ್ರ ಸಾಕಷ್ಟಿದೆ ಎಂದು ನಮಗನಿಸಿದರೂ ಕೆಳಗಿನ ಒತ್ತು ಅದರ ಅರ್ಧದಷ್ಟೇ ಇರುತ್ತದೆ. ಸಾಲುಗಳು ಹತ್ತಿರವಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಗಾತ್ರವನ್ನು ಒತ್ತು ನೋಡಿ ನಿರ್ಧರಿಸಿ, ತಲೆಯಕ್ಷರ ನೋಡಿ ಅಲ್ಲ. ಗೆರೆ ದಪ್ಪಗಿರುವ ಫಾಂಟ್ ಆರಿಸಿ, ಸಾಲಿನ ನಡುವೆ ಧಾರಾಳ ಜಾಗ ಬಿಡಿ, ಒಂದು ಸಲಕ್ಕೆ ಎರಡು ಸಾಲು ಮೀರಬೇಡಿ. ನೀವು ನಿಧಾನವಾಗಿ ಎರಡು ಸಲ ಓದಿ ಮುಗಿಸುವವರೆಗೆ ಅದು ಪರದೆಯ ಮೇಲೆ ನಿಲ್ಲಲಿ.

ಅಕ್ಷರಕ್ಕೆ ಹೇಳಿದ್ದು ವಸ್ತುವಿಗೂ ಸಲ್ಲುತ್ತದೆ. ಬಿಳಿ ತಟ್ಟೆಯಲ್ಲಿ ಅಕ್ಕಿಹಿಟ್ಟು ಇಟ್ಟರೆ ಸ್ವಲ್ಪ ಕಾಣುವವರಿಗೆ ಬರೀ ಬಿಳಿ ಕಾಣುತ್ತದೆ. ಬಾಳೆಲೆಯ ಮೇಲಿಡಿ, ಕರಿಕಲ್ಲಿನ ಮೇಲಿಡಿ. ಕೈ ಕ್ಯಾಮೆರಾಗೆ ಅಡ್ಡ ಬರದಂತೆ ಕೂರಿ. ಬೆಳಕು ಮುಂದಿನಿಂದ ಬರಲಿ, ಕಿಟಕಿ ಬೆನ್ನ ಹಿಂದೆ ಬೇಡ. ಕ್ಯಾಮೆರಾ ಅಲ್ಲಾಡಿಸುವುದು, ಸೆಕೆಂಡಿಗೊಂದು ದೃಶ್ಯ ಬದಲಿಸುವುದು, ಇವುಗಳಿಂದ ಅವರ ಕಣ್ಣು ದಣಿಯುತ್ತದೆ. ಮಿನುಗುವ ಎಫೆಕ್ಟ್ ಒಂದು ಸೆಕೆಂಡಿಗೆ ಮೂರು ಸಲ ಮೀರಲೇಬಾರದು, ಅದರಿಂದ ಕೆಲವರಿಗೆ ಫಿಟ್ಸ್ ಬರುವ ಅಪಾಯವಿದೆ.

ಹಾಕುವ ಮುನ್ನ

ನಿಮ್ಮ ಆ್ಯಂಡ್ರಾಯ್ಡ್ ಮೊಬೈಲಿನಲ್ಲಿ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗಿಗೆ ಹೋಗಿ ಟಾಕ್‌ಬ್ಯಾಕ್ ಆನ್ ಮಾಡಿ. ಅದಕ್ಕೂ ಮೊದಲು, ವಾಲ್ಯೂಮಿನ ಎರಡೂ ಗುಂಡಿಗಳನ್ನು ಕೆಲ ಸೆಕೆಂಡು ಒಟ್ಟಿಗೆ ಒತ್ತಿ ಆಫ್ ಮಾಡುವ ಶಾರ್ಟ್‌ಕಟ್ ಅಲ್ಲೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಗಾಬರಿಯಾಗುತ್ತದೆ. ಒಮ್ಮೆ ಮುಟ್ಟಿದರೆ ಅದು ಏನೆಂದು ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಕಣ್ಣು ಮುಚ್ಚಿ ನಿಮ್ಮ ಚಾನೆಲ್ ಹುಡುಕಿ, ಒಂದು ವಿಡಿಯೊ ಹಚ್ಚಿ, ವಿವರ ಓದಿಸಿ. ಅರ್ಧ ಗಂಟೆ ಸಾಕು, ನಿಮ್ಮ ಶೀರ್ಷಿಕೆಗಳನ್ನೆಲ್ಲ ತಿದ್ದಬೇಕೆನಿಸುತ್ತದೆ.

ಇಷ್ಟಾದರೂ ಕಣ್ಣಿದ್ದವರ ಪರೀಕ್ಷೆ ಅರ್ಧ ಪರೀಕ್ಷೆಯೇ. ಕಣ್ಣು ಕಾಣದ ಒಬ್ಬರಿಗಾದರೂ ಕೇಳಿಸಿ. ‘ಹೇಗಿದೆ?’ ಎಂದು ಕೇಳಿದರೆ ಚೆನ್ನಾಗಿದೆ ಎಂದೇ ಹೇಳುತ್ತಾರೆ, ನಮ್ಮವರ ಸೌಜನ್ಯ ಅಂಥದ್ದು. ‘ಗಡಿಗೆ ಎಲ್ಲಿಟ್ಟೆ? ಬಟ್ಟೆ ಎಷ್ಟುದ್ದ ಇತ್ತು? ಎಷ್ಟು ಸಲ ಮಡಚಿದೆ?’ ಎಂದು ಕೇಳಿ. ಉತ್ತರ ಬಾರದ ಕಡೆ ನಿಮ್ಮ ಮಾತು ಸಾಲಲಿಲ್ಲ ಎಂದರ್ಥ. ಸಂಸ್ಥೆಗೆ ವಿಡಿಯೊ ಮಾಡಿಕೊಡುವವರಾದರೆ ಈ ಸಮಯ, ಸಂಭಾವನೆ ಎರಡನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿ. ಖರ್ಚು ಏಕೆ ಎಂದು ಕೇಳಿದರೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ತೋರಿಸಿ. ಅದರ 42ನೇ ಸೆಕ್ಷನ್ ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಧ್ವನಿ ವಿವರಣೆಯ ಮಾತನ್ನು ಸ್ಪಷ್ಟವಾಗಿ ಆಡುತ್ತದೆ.

ಮೂರನೇ ತೊಡದೇವು ವಿಡಿಯೊವನ್ನು ದೊಡ್ಡಮ್ಮ ಜಗಲಿಯಲ್ಲಿ ಕೂತು ಕೇಳಿದರು. ಈ ಸಲ ಕೈ ಎತ್ತಲಿಲ್ಲ. ನಾನು ಮಡಚುವುದನ್ನು ಹೇಳುವಾಗ ಅವರ ಬೆರಳುಗಳು ಮಡಿಲಲ್ಲಿ ಸೆರಗಿನ ತುದಿಯನ್ನು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಮಡಚುತ್ತಿದ್ದವು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ನಾಲ್ಕನೇ ಎಳೆತಕ್ಕೆ ಗಡಿಗೆ ಕಾದದ್ದು ಹೆಚ್ಚಾಗಿತ್ತಲ್ಲ, ಅದು ಹರಿದಿರಬೇಕು ಎಂದರು. ನಿಜ. ನಾಲ್ಕನೆಯದು ಮಡಚುವಾಗ ಹರಿದಿತ್ತು. ಆ ಭಾಗವನ್ನು ನಾನು ಎಡಿಟ್ ಮಾಡಿ ತೆಗೆದಿದ್ದೆ, ಚಿತ್ರದಲ್ಲಿ ಏನೂ ಕಾಣುವುದಿಲ್ಲ. ಹಿಂದಕ್ಕೆ ಹೋಗಿ ಕೇಳಿದೆ. ಉಳಿದ ಮೂರಕ್ಕೂ ಚುಂಯ್ ಎಂಬ ಉದ್ದನೆಯ ಸದ್ದು. ನಾಲ್ಕನೆಯದಕ್ಕೆ ಚಟ್ ಎಂದು ತುಂಡಾಗಿತ್ತು.

ವಿವರದ ಜಾಗದಲ್ಲಿ ಈಗ ಅವರ ಹೆಸರಿನಲ್ಲಿ ಒಂದು ಸಾಲಿದೆ: ‘6:42ರಲ್ಲಿ ಬಟ್ಟೆ ಎಳೆಯುವಾಗಿನ ಸದ್ದು ಕೇಳಿ. ಚಟ್ ಎಂದರೆ ಒಂದು ಸೌದೆ ಹಿಂದಕ್ಕೆಳೆಯಿರಿ.’